ಅಂಟು ಹಾಕದ ಜಾಗ

ಹಳೆಯ ಮನೆಯಲ್ಲಿ ಮರದ ಬೀರು ಇದ್ದರೆ ಅದರ ಬಾಗಿಲಿನ ನಡುವಿನ ಹಲಗೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೋಡಿ. ಏಪ್ರಿಲ್ ತಿಂಗಳಾಗಿದ್ದರೆ ಅದು ತುಸು ಅಲುಗುತ್ತದೆ, ಕೆಲವೊಮ್ಮೆ ಕಟಕ್ಕೆಂದು ಸದ್ದನ್ನೂ ಮಾಡುತ್ತದೆ. ಕೆಲಸ ಸಡಿಲಾಗಿದೆ, ಯಾರಾದರೂ ಬಂದು ನಾಲ್ಕು ಮೊಳೆ ಹೊಡೆದರೆ ಸರಿಯಾದೀತು ಎಂದು ನಮಗೆ ಅನ್ನಿಸುವುದು ಸಹಜ. ಹಾಗೆ ಮೊಳೆ ಹೊಡೆಸಿಕೊಂಡು ಆಮೇಲೆ ಉದ್ದಕ್ಕೆ ಸೀಳಿಹೋದ ಬಾಗಿಲುಗಳು ಊರೂರಿನಲ್ಲೂ ಸಿಗುತ್ತವೆ. ಆ ಹಲಗೆಯನ್ನು ಅಲುಗುವಂತೆ ಬಿಟ್ಟಿದ್ದು ಅಲಕ್ಷ್ಯದಿಂದಲ್ಲ. ಸುತ್ತಲಿನ ಚೌಕಟ್ಟಿನ ನಾಲ್ಕು ಮೂಲೆಗಳನ್ನು ಬಡಗಿ ಕಚ್ಚು ಹಾಕಿ, ಅಂಟು ಹಚ್ಚಿ, ಬಿದಿರಿನ ಮೊಳೆ ಬಡಿದು ಭದ್ರ ಮಾಡಿರುತ್ತಾನೆ. ಒಳಗಿನ ಹಲಗೆಯನ್ನು ಮಾತ್ರ ಚೌಕಟ್ಟಿನಲ್ಲಿ ತೋಡಿದ ಜಾಡಿಗೆ ಸುಮ್ಮನೆ ಕೂರಿಸಿರುತ್ತಾನೆ. ಅಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಎರಡೂ ಪಕ್ಕಕ್ಕೆ ಒಂದಿಷ್ಟು ಜಾಗ ಖಾಲಿ.

ಕಡಿದ ಮೇಲೂ, ಕೊಯ್ದು ಒಣಗಿಸಿದ ಮೇಲೂ, ಪಾಲಿಷ್ ಹೊಡೆದು ಹಜಾರದಲ್ಲಿ ಇಟ್ಟ ಮೇಲೂ ಮರ ಗಾಳಿಯಲ್ಲಿನ ನೀರನ್ನು ಕುಡಿಯುತ್ತಲೂ ಬಿಡುತ್ತಲೂ ಇರುತ್ತದೆ. ಗಾಳಿಯ ತೇವಾಂಶ ಶೇ. 90ರ ಹತ್ತಿರ ಇರುವ ಮಲೆನಾಡಿನ ಆಷಾಢದಲ್ಲಿ ಹೆಚ್ಚಿನ ಮರಗಳು ತಮ್ಮ ಒಣತೂಕದ ಶೇ. 20ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲವು. ಅದೇ ಹಲಗೆ ಬಯಲುಸೀಮೆಯ ಬೇಸಿಗೆಗೆ ಹೋದರೆ, ತೇವಾಂಶ ಶೇ. 30ಕ್ಕೆ ಇಳಿದ ಗಾಳಿಯಲ್ಲಿ, ಶೇ. 6ರ ಆಸುಪಾಸಿಗೆ ಬಂದುಬಿಡುತ್ತದೆ. ಕುಡಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಆಗುವ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ; ಅಗಲಕ್ಕೆ ಆಗುವುದು ಕಣ್ಣಿಗೆ ಕಾಣುವಷ್ಟು. ಅದರಲ್ಲೂ ಉಂಗುರಗಳ ಸುತ್ತಿನ ದಿಕ್ಕಿಗೆ ಆಗುವ ಹಿಗ್ಗು ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ಹಲಗೆ ಬಾಗುವುದು, ತಿರುಚಿಕೊಳ್ಳುವುದು ಈ ತಾರತಮ್ಯದಿಂದ. ಮೂರಡಿ ಅಗಲದ ಊಟದ ಮೇಜು ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಕಾಲು ಇಂಚು ವ್ಯತ್ಯಾಸವಾಗುವುದು ಮಾಮೂಲು. ಅದನ್ನು ಹಿಡಿದು ನಿಲ್ಲಿಸಲು ಹೋದರೆ ಮರ ಚೌಕಟ್ಟನ್ನು ಒಡೆಯುತ್ತದೆ, ಇಲ್ಲವೇ ತಾನೇ ಸೀಳುತ್ತದೆ.

ಬಡಗಿಯ ಜಾಣತನವನ್ನು ಅಳೆಯಬೇಕಾದರೆ ಅವನು ಎಲ್ಲಿ ಬಿಗಿ ಮಾಡಿದ್ದಾನೆ ಎಂಬುದಕ್ಕಿಂತ ಎಲ್ಲಿ ಬಿಗಿ ಮಾಡದೆ ಬಿಟ್ಟಿದ್ದಾನೆ ಎಂದು ನೋಡಬೇಕು ಅನ್ನಿಸುತ್ತದೆ ನನಗೆ. ಕುಂಬಾರನ ಮಡಕೆ ಆವಿಗೆಯಲ್ಲಿ ಬೆಂದ ಮೇಲೆ ಆಕಾರ ಬದಲಿಸುವುದಿಲ್ಲ. ಕಮ್ಮಾರನ ಕತ್ತಿ ತಣಿದರೆ ಕೆಲಸ ಮುಗಿಯಿತು. ಬಡಗಿ ಮಾಡಿದ ವಸ್ತು ಅವನ ಕೈಬಿಟ್ಟ ಮೇಲೂ ಪ್ರತಿ ಮಳೆಗಾಲಕ್ಕೆ ಒಮ್ಮೆ, ಪ್ರತಿ ಬೇಸಿಗೆಗೆ ಒಮ್ಮೆ ತನ್ನ ಅಳತೆಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಅವನು ಇವತ್ತು ಹೊಡೆಯುವ ಉಳಿಪೆಟ್ಟಿನಲ್ಲಿ ತಾನು ನೋಡದ ಎಷ್ಟೋ ಮಳೆಗಾಲಗಳ ಲೆಕ್ಕ ಸೇರಿರಬೇಕು. ಸಣ್ಣ ಕೊಟ್ಟಿಗೆಯೊಂದರಲ್ಲಿ ಕೂತು, ಯಾರೋ ಒಬ್ಬರ ಮನೆಗೆಂದು ಒಂದೇ ಒಂದು ಮೇಜು ಮಾಡುವ ಕೆಲಸದಲ್ಲಿ ಯೋಚಿಸಲಿಕ್ಕೆ ಏನಾದರೂ ಇದೆ ಎಂದಾದರೆ ಅದು ಇಲ್ಲಿಂದ ಶುರುವಾಗುತ್ತದೆ.

ತೀರ್ಥಹಳ್ಳಿ, ಕೊಪ್ಪದ ಕಡೆ ಇಂಥ ಕೊಟ್ಟಿಗೆಗಳು ಇನ್ನೂ ಉಳಿದಿವೆ. ತಗಡಿನ ಮಾಡು, ಕಾಲಿಗೆ ಮೆತ್ತಗೆ ಸಿಗುವ ಗರಗಸದ ಹೊಟ್ಟು, ಗೋಡೆಯ ಉದ್ದಕ್ಕೂ ನಡುನಡುವೆ ಪಟ್ಟಿ ಕೊಟ್ಟು ಗಾಳಿ ಆಡುವಂತೆ ಪೇರಿಸಿದ ಹಲಗೆ. ನಾನು ಆಗಾಗ ಹೋಗಿ ಕೂರುವ ಜಾಗದಲ್ಲಿ ಆಚಾರ್ರು ಮತ್ತು ಅವರ ಅಳಿಯ, ಇಬ್ಬರೇ. ಹಲಗೆಗಳ ತುದಿಯಲ್ಲಿ ಸುಣ್ಣದ ಕಡ್ಡಿಯಿಂದ ಕೊಯ್ಸಿದ ತಿಂಗಳು, ವರ್ಷ ಬರೆದಿರುತ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಅವರ ಲೆಕ್ಕ. ಹಲಸು ಕೊಯ್ದ ಹೊಸದರಲ್ಲಿ ಅರಿಸಿನದ ಬಣ್ಣಕ್ಕಿದ್ದು ವರ್ಷ ಕಳೆದಂತೆ ಕಂದಾಗುತ್ತದೆ. ಹೊನ್ನೆ ಒದ್ದೆಯಾದರೆ ಕೈಗೂ ಬಟ್ಟೆಗೂ ಬಣ್ಣ ಬಿಡುತ್ತದೆ. ತೇಗ ಎಣ್ಣೆ ಇರುವ ಮರ, ಹುಳಕ್ಕೆ ಬಗ್ಗದು, ಆದರೆ ಅದರೊಳಗಿನ ಮರಳಿನಂಥ ಅಂಶ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಬಗ್ಗೆ ಆಚಾರ್ರಿಗೆ ಅಷ್ಟು ಗೌರವವಿಲ್ಲ, ಆದರೂ ಅಗಲಕ್ಕೆ ಸರಿಯಾಗಿ ಕೊಯ್ಸಿದರೆ ಅದರಲ್ಲಿ ಕಾಣುವ ಚಿತ್ತಾರವನ್ನು ಬೆರಳಿಂದ ಸವರಿ ತೋರಿಸದೆ ಬಿಡುವುದಿಲ್ಲ.

ಒಂದು ಮಧ್ಯಾಹ್ನ ಅವರು ಮೇಜಿನ ಕಾಲಿಗೆ ಕಚ್ಚು ತೆಗೆಯುತ್ತಿದ್ದರು. ಒಂದು ತುಂಡಿನಲ್ಲಿ ಚೌಕದ ತೂತು, ಇನ್ನೊಂದರ ತುದಿಯಲ್ಲಿ ಆ ತೂತಿಗೆ ಕೂರುವ ನಾಲಿಗೆ. ಅಳತೆಯ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆಯದೆ ಚಾಕುವಿನ ಮೊನೆಯಲ್ಲಿ ಕೊರೆದಿದ್ದರು. ಪೆನ್ಸಿಲ್ ಗೆರೆಗೆ ದಪ್ಪವಿದೆ, ಚಾಕುವಿನ ಗೆರೆಗೆ ಇಲ್ಲ. ಅಳಿಯ ಗರಗಸ ಹಿಡಿದಾಗ ಹೇಳಿದ್ದು ಒಂದೇ ಮಾತು: “ಗೆರೆ ತಿನ್ಬೇಡ.” ಗೆರೆಯ ಆಚೆ, ಬಿಸಾಡುವ ಭಾಗದಲ್ಲಿ ಹಲ್ಲು ಓಡಬೇಕು, ಗೆರೆ ಹಾಗೇ ಉಳಿಯಬೇಕು. ಆಮೇಲೆ ಉಳಿಯಿಂದ ಕಾಗದದಷ್ಟು ತೆಳ್ಳಗೆ ಕೆತ್ತುತ್ತ ಗೆರೆಯವರೆಗೆ ಬರುವುದು. ನಾಲಿಗೆ ತೂತಿಗೆ ಕೈಯ ಒತ್ತಡಕ್ಕೆ ಅರ್ಧ ಹೋಗಿ ನಿಂತು, ಕೊಡತಿಯ ಎರಡು ಪೆಟ್ಟಿಗೆ ಪೂರ್ತಿ ಕೂರಬೇಕು. ಸುಮ್ಮನೆ ಜಾರಿ ಹೋದರೆ ಕೆಲಸ ಕೆಟ್ಟಿತು, ನಾಲ್ಕು ಪೆಟ್ಟು ಬೇಕಾಯಿತು ಎಂದರೆ ಕಾಲೇ ಸೀಳೀತು. ಕೊನೆಯಲ್ಲಿ ಮೊಳೆಯ ತೂತು. ಹೊರಗಿನ ತೂತಿಗೂ ನಾಲಿಗೆಯಲ್ಲಿನ ತೂತಿಗೂ ಕೂದಲೆಳೆಯಷ್ಟು ಅಂತರ ಇಟ್ಟು ಬೈರಿಗೆಯಿಂದ ಕೊರೆದು, ಬಿದಿರಿನ ಮೊಳೆ ಬಡಿದರೆ ಆ ಮೊಳೆ ಬಾಗಿಕೊಂಡು ಒಳಗೆ ಹೋಗುತ್ತ ಎರಡನ್ನೂ ಎಳೆದು ಬಿಗಿಯುತ್ತದೆ. ಅಂಟು ಸೋತರೂ ಈ ಕಚ್ಚು ಸೋಲುವುದಿಲ್ಲ. ಬಿಗಿ ಮಾಡಬೇಕಾದಲ್ಲಿ ಇಷ್ಟು ಬಿಗಿ ಮಾಡಲು ಬಲ್ಲವನಿಗೇ ಬೇರೆ ಕಡೆ ಸಡಿಲ ಬಿಡುವ ಧೈರ್ಯ ಬರುತ್ತದೆ.

ಕೈಯಿಂದ ಮಾಡಿದ್ದು ಎಂಬ ಮಾತಿನ ಮೇಲೆ ನನಗೆ ಕೊಂಚ ಅನುಮಾನ ಇದೆ. ನಗರದ ಅಂಗಡಿಗಳಲ್ಲಿ ಅದು ಬೆಲೆ ಏರಿಸುವ ಚೀಟಿಯಾಗಿದೆ. ಆಚಾರ್ರ ಕೊಟ್ಟಿಗೆಯಲ್ಲಿ ಕರೆಂಟಿನ ಹತ್ತರಿ ಇದೆ, ಸುತ್ತುಗರಗಸ ಇದೆ, ಕರೆಂಟು ಹೋದರೆ ಅವರು ಬೈಯುವುದನ್ನೂ ಕೇಳಿದ್ದೇನೆ. ಈ ಗೊಂದಲಕ್ಕೆ ನಾನು ಓದಿದ್ದರಲ್ಲಿ ಅತ್ಯಂತ ನೇರ ಉತ್ತರ ಕೊಟ್ಟವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣಗಳ ವಿನ್ಯಾಸ ಕಲಿಸುತ್ತಿದ್ದ, ತಾವೂ ಮರದ ಬಟ್ಟಲು, ಡಬ್ಬಿಗಳನ್ನು ಮಾಡುತ್ತಿದ್ದ ಡೇವಿಡ್ ಪೈ. 1968ರಲ್ಲಿ ಬಂದ ಅವರ ಪುಸ್ತಕ ಕೈ, ಯಂತ್ರ ಎಂಬ ಭೇದವನ್ನೇ ಪಕ್ಕಕ್ಕಿಡುತ್ತದೆ. ಅವರು ಕೇಳುವುದು ಇಷ್ಟೇ: ಮಾಡುವ ಹೊತ್ತಿನಲ್ಲಿ ವಸ್ತು ಕೆಡುವ ಸಂಭವ ಇದೆಯೇ ಇಲ್ಲವೇ? ಅಚ್ಚಿಗೆ ಪ್ಲಾಸ್ಟಿಕ್ ಸುರಿಯುವಾಗ ಫಲಿತಾಂಶ ಮೊದಲೇ ತೀರ್ಮಾನವಾಗಿದೆ; ಗುಂಡಿ ಒತ್ತುವವನು ಅದನ್ನು ಉತ್ತಮಪಡಿಸಲಾರ, ಕೆಡಿಸಲೂ ಆರ. ಉಳಿ ಹಿಡಿದವನ ಕೆಲಸ ಕೊನೆಯ ಪೆಟ್ಟಿನವರೆಗೂ ಕೆಡಬಹುದು. ಮೊದಲನೆಯದು ಖಚಿತದ ಕೆಲಸ, ಎರಡನೆಯದು ಅಪಾಯದ ಕೆಲಸ. ಪೈ ಇವೆರಡರಲ್ಲಿ ಒಂದನ್ನು ಪುಣ್ಯ, ಇನ್ನೊಂದನ್ನು ಪಾಪ ಎನ್ನಲಿಲ್ಲ. ಕೈಯಲ್ಲಿ ಹಿಡಿದ ಕರೆಂಟಿನ ಹತ್ತರಿಯೂ ಅಪಾಯದ ಕೆಲಸದ ಸಾಧನವೇ ಆಗಬಹುದು. ಅಳತೆ ಪಟ್ಟಿ, ಮೂಲೆಮಟ್ಟಗಳೂ ಅಪಾಯವನ್ನು ಅಷ್ಟಷ್ಟು ಕಡಿಮೆ ಮಾಡಲೆಂದೇ ಇರುವಂಥವು.

ಇದು ನನಗೆ ಒಪ್ಪಿಗೆ, ಆದರೆ ಪೈ ನಿಲ್ಲಿಸಿದ ಜಾಗದಿಂದ ಒಂದು ಹೆಜ್ಜೆ ಮುಂದೆ ಹೋಗಬೇಕು ಅನ್ನಿಸುತ್ತದೆ. ಅಪಾಯ ಕೆಲಸ ಮುಗಿದ ಕೂಡಲೇ ಮುಗಿಯುವುದಿಲ್ಲ. ಮರದ ಸ್ವಭಾವ ನಿಲ್ಲದ್ದು, ಅದನ್ನು ಬಳಸುವ ಮನುಷ್ಯನ ಮೈಯೂ ನಿಲ್ಲದ್ದು. ಈ ಎರಡು ನಿಲ್ಲದವುಗಳ ನಡುವೆ ಸ್ಥಿರವಾಗಿ ನಿಲ್ಲಬೇಕಾದ್ದು ಒಂದು ಕುರ್ಚಿ.

ಕುರ್ಚಿಯ ಮಾತು ಬಂದಿದ್ದರಿಂದ ನಮ್ಮ ದೊಡ್ಡಮ್ಮನ ಕುರ್ಚಿಯ ವಿಷಯ ಹೇಳಬೇಕು. ಜೀವನದ ಬಹುಭಾಗ ಮಣೆಯ ಮೇಲೆ, ಜಗಲಿಯ ಅಂಚಿನ ಮೇಲೆ ಕೂತು ಬೆಳೆದವರು ಅವರು. ನಮ್ಮ ಮನೆಗಳ ಮರದ ಸಾಮಾನುಗಳೆಲ್ಲ ನೆಲಕ್ಕೆ ಹತ್ತಿರವೇ ಇದ್ದವು: ಮಣೆ, ಈಳಿಗೆ, ತೊಟ್ಟಿಲು, ಸಂದೂಕ. ಕುರ್ಚಿ ತಡವಾಗಿ ಬಂದ ನೆಂಟ. ಮಂಡಿ ಹಿಡಿದುಕೊಂಡ ಮೇಲೆ ಡಾಕ್ಟರು ನೆಲದ ಮೇಲೆ ಕೂರಬೇಡಿ ಎಂದರು. ಅಂಗಡಿಯಲ್ಲಿ ಸಿಗುವ ಕುರ್ಚಿಗಳ ಕೂರುವ ಹಲಗೆ 17–18 ಇಂಚು ಎತ್ತರಕ್ಕೆ ಇರುತ್ತದೆ. ಅದರಲ್ಲಿ ಕೂತರೆ ದೊಡ್ಡಮ್ಮನ ಪಾದ ನೆಲ ಮುಟ್ಟುತ್ತಿರಲಿಲ್ಲ. ತೊಡೆಯ ಕೆಳಗೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು.

ಆಚಾರ್ರು ಮನೆಗೇ ಬಂದರು. ಟೇಪು ಬಿಚ್ಚಲಿಲ್ಲ. ತುಂಡು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕಂಬಳಿ ಮಡಚಿ ಹಾಕಿ ಕೂರಿಸಿದರು. “ಕಾಲು ಪೂರ್ತಿ ನೆಲಕ್ಕೆ ತಾಗ್ತದಾ ಅಮ್ಮಾ?” ಇಲ್ಲವೆಂದಾಗ ಒಂದು ಹಲಗೆ ತೆಗೆದರು. ಮತ್ತೊಂದು ತೆಗೆದರು. ದೊಡ್ಡಮ್ಮ ಹೇಳಿದರು: “ಈಗ ಕೂರೋಕೆ ಸುಖ ಆಯ್ತು ಆಚಾರ್ರೇ, ಆದ್ರೆ ಏಳೋಕಾಗ್ತಿಲ್ಲ.” ಅದು ನಿಜವಾದ ತೊಡಕು. ತಗ್ಗಿದಷ್ಟೂ ಕೂರುವುದು ಸುಲಭ, ಏಳುವುದು ಕಷ್ಟ. ಆಚಾರ್ರು ಸುಮ್ಮನೆ ನಿಂತು, ಅವರು ಏಳಲು ಮಾಡುವ ಪ್ರಯತ್ನವನ್ನೇ ನೋಡಿದರು. ಏಳುವ ಮೊದಲು ಅವರ ಹಿಮ್ಮಡಿ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು, ಕೈ ಮುಂದಕ್ಕೆ ಆಸರೆ ಹುಡುಕುತ್ತಿತ್ತು. ಕೊನೆಗೆ ಬಂದ ಕುರ್ಚಿಯಲ್ಲಿ ಮುಂಗಾಲುಗಳ ನಡುವೆ ಅಡ್ಡಪಟ್ಟಿಯೇ ಇರಲಿಲ್ಲ. ಪಕ್ಕದ ಪಟ್ಟಿಗಳನ್ನು ಜೋಡಿಸುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿದ್ದರು, ಹಿಮ್ಮಡಿ ಒಳಗೆ ಹೋಗಲು ಜಾಗ. ಕೈಯಾಸರೆ ಸಾಮಾನ್ಯಕ್ಕಿಂತ ಮುಂದಕ್ಕೆ ಚಾಚಿ, ತುದಿ ಹಿಡಿಗೆ ಸಿಗುವಂತೆ ಗುಂಡಗಿತ್ತು. ಮುಂದಿನ ಪಟ್ಟಿ ಇದ್ದಿದ್ದರೆ ಕುರ್ಚಿ ಇನ್ನಷ್ಟು ಗಟ್ಟಿಯಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು. ಆ ಗಟ್ಟಿತನವನ್ನು ಬಿಟ್ಟುಕೊಟ್ಟು, ಉಳಿದ ಕಚ್ಚುಗಳನ್ನು ಆಳಮಾಡಿ ಸರಿತೂಗಿಸಿದ್ದರು.

ಪ್ಲೇಟೋ ತನ್ನ ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಮಂಚದ ಉದಾಹರಣೆ ತೆಗೆದುಕೊಳ್ಳುತ್ತಾನೆ. ದೇವರು ಮಾಡಿದ ಮೂಲ ಮಂಚ ಒಂದು, ಅದನ್ನು ನೋಡಿ ಬಡಗಿ ಮಾಡಿದ್ದು ಎರಡನೆಯದು, ಬಡಗಿಯದನ್ನು ನೋಡಿ ಚಿತ್ರಕಾರ ಬರೆದದ್ದು ಮೂರನೆಯದು. ಸತ್ಯದಿಂದ ಒಂದೊಂದು ಮೆಟ್ಟಿಲು ದೂರ. ಚಿತ್ರಕಾರನಿಗಿಂತ ಬಡಗಿಗೆ ಮೇಲಿನ ಸ್ಥಾನ ಕೊಟ್ಟದ್ದಕ್ಕೆ ಪ್ಲೇಟೋಗೆ ನಮಸ್ಕಾರ. ಆದರೆ ಬಡಗಿ ಎಲ್ಲಿ ನೋಡುತ್ತಾನೆ ಎಂಬ ವಿಷಯದಲ್ಲಿ ಅವನು ತಪ್ಪಿದ್ದಾನೆ ಎಂದು ನನ್ನ ಅಭಿಪ್ರಾಯ. ದೊಡ್ಡಮ್ಮ ಹಲಗೆಗಳ ಮೇಲಿಂದ ಏಳಲು ಒದ್ದಾಡುತ್ತಿದ್ದಾಗ ಆಚಾರ್ರು ಯಾವ ಮೂಲ ಕುರ್ಚಿಯನ್ನೂ ಮನಸ್ಸಿನಲ್ಲಿ ನೋಡುತ್ತಿರಲಿಲ್ಲ. ಒಬ್ಬ ಮುದುಕಿಯ ಹಿಮ್ಮಡಿಯನ್ನು ನೋಡುತ್ತಿದ್ದರು. ಮೂಲ ಕುರ್ಚಿ, ಸರಾಸರಿ ಕುರ್ಚಿ ಎಂಬುದೆಲ್ಲ ಕಾರ್ಖಾನೆಗೆ ಬೇಕಾದದ್ದು. ಹದಿನೆಂಟು ಇಂಚು ಯಾರ ಅಳತೆಯೂ ಅಲ್ಲ, ಎಲ್ಲರ ಮೇಲೂ ಹೇರಿದ ಅಳತೆ.

ಇದರಲ್ಲಿ ಒಂದು ವಿಚಿತ್ರವೂ ಇದೆ, ಅದನ್ನು ಮುಚ್ಚಿಡಬಾರದು. ದೊಡ್ಡಮ್ಮ ಈಗಿಲ್ಲ. ಅವರ ಮೈಗೆ ಸರಿಯಾಗಿ ಮಾಡಿದ ಕುರ್ಚಿ ಮನೆಯ ಬೇರೆ ಯಾರಿಗೂ ಸರಿಹೋಗುವುದಿಲ್ಲ. ದೊಡ್ಡವರಿಗೆ ಗಿಡ್ಡ, ನೆಂಟರ ಮಕ್ಕಳು ಬಂದಾಗ ಅವರಿಗೆ ಸರಿ. ಒಂದು ಮೈಯ ಅಳತೆಗೆ ಪೂರ್ತಿ ಬದ್ಧವಾದ ವಸ್ತು ಆ ಮೈಗಿಂತ ಹೆಚ್ಚು ಕಾಲ ಬದುಕಿದರೆ ಏನು ಮಾಡಬೇಕು? ಹೊಂದಿಕೊಳ್ಳುವ ಸ್ಕ್ರೂ ಇಟ್ಟ ಕಾರ್ಖಾನೆ ಕುರ್ಚಿ ಈ ಪ್ರಶ್ನೆಗೆ ಕೊಡುವ ಉತ್ತರ ಕೆಟ್ಟದ್ದೇನಲ್ಲ. ಆಚಾರ್ರ ಉತ್ತರ ಬೇರೆ. ಕಾಲುಗಳ ಕೆಳಗೆ ತುಂಡು ಸೇರಿಸಿ ಎತ್ತರಿಸಬಹುದು, ಬೇಕಾದರೆ ತನ್ನಿ ಎಂದಿದ್ದಾರೆ. ನಾವು ಇನ್ನೂ ಒಯ್ದಿಲ್ಲ.

ಕೈಗೆಲಸದ ಬಗ್ಗೆ ಭಾವುಕವಾಗಿ ಬರೆಯುವವರು ಮರ ಎಲ್ಲಿಂದ ಬಂತು ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ಹಿಂದಿನವರು ಕೇಳುತ್ತಿದ್ದರು. ಆರನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮಂಚ, ಆಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ತೇಗ, ಶ್ರೀಗಂಧ ಮೊದಲಾದವು ಯೋಗ್ಯ. ಸಿಡಿಲು ಬಡಿದ, ಗಾಳಿಗೆ ಬಿದ್ದ, ಆನೆ ಕೆಡವಿದ, ಹಕ್ಕಿ ಗೂಡು ಕಟ್ಟಿದ, ಸ್ಮಶಾನದಲ್ಲಿ ಬೆಳೆದ ಮರಗಳು ವರ್ಜ್ಯ. 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ವೂ ಆಸನ, ಶಯ್ಯೆಗಳನ್ನು ರಾಜನ ಉಪಭೋಗಗಳ ಸಾಲಿನಲ್ಲಿ ವಿವರಿಸುತ್ತದೆ. ವರಾಹಮಿಹಿರನ ಪಟ್ಟಿಯಲ್ಲಿ ಶಕುನದ ಭಯ ಎಷ್ಟಿದೆಯೋ ಅಷ್ಟೇ ಅನುಭವವೂ ಇದೆ. ಸಿಡಿಲು ಬಡಿದ ಮರದ ಒಳಗೆ ಕಾಣದ ಬಿರುಕು, ಬಿರುಗಾಳಿಗೆ ಉರುಳಿದ ಮರದ ನಾರಿನಲ್ಲಿ ಮುರುಕು ಇರುತ್ತದೆಂದು ಈಗಿನ ಬಡಗಿಗೂ ಗೊತ್ತು. ಹಕ್ಕಿಗೂಡಿನ ಮಾತಿಗೆ ಮಾತ್ರ ಅಂಥ ಕಾರಣ ಬೇಕಿಲ್ಲ. ಆ ಮರದಲ್ಲಿ ಆಗಲೇ ಒಂದು ಸಂಸಾರ ಇದೆ, ಅಷ್ಟೇ.

ನಮ್ಮ ಕಾಲದ ಪಟ್ಟಿಯನ್ನು ಸರ್ಕಾರ ಬರೆಯುತ್ತದೆ. ಸ್ವಂತ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯಡಿ ಅನುಮತಿ ಬೇಕು, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. 2014ರಲ್ಲಿ ಮ್ಯಾನ್ಮಾರ್ ತನ್ನ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಬರ್ಮಾ ತೇಗ ಎಂಬ ಹೆಸರು ಮಾತ್ರ ನಮ್ಮ ಅಂಗಡಿಗಳಲ್ಲಿ ಇನ್ನೂ ಓಡುತ್ತಿದೆ. ಹಳೆಯ ಮನೆಗಳಲ್ಲಿರುವ ಬೀಟೆಯ ಮಂಚಗಳು ಯಾವ ಕಾಡಿನಿಂದ ಬಂದವೋ ಆ ಕಾಡು ಈಗ ಇಲ್ಲ. ಅವನ್ನು ಮುಟ್ಟಿ ಮುಟ್ಟಿ ಮೆಚ್ಚುವಾಗ ಇದು ನೆನಪಿನಲ್ಲಿರಲಿ. ಉಳಿಯಿಂದ ಕೆತ್ತಿದ್ದು ಎಂಬ ಕಾರಣಕ್ಕೆ ಯಾವ ಮಂಚವೂ ನಿರಪರಾಧಿ ಆಗುವುದಿಲ್ಲ.

ಪ್ಲೈವುಡ್ಡನ್ನು ಬೈಯುವುದು ಇಂಥ ಬರಹಗಳಲ್ಲಿ ವಾಡಿಕೆ. ನಾನು ಬೈಯಲಾರೆ; ನಮ್ಮ ಅಡುಗೆಮನೆಯ ಕಪಾಟುಗಳು ಅದರವೇ. ತೆಳುವಾದ ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಇಟ್ಟು ಅಂಟಿಸಿದಾಗ, ಒಂದು ಪದರ ಅಗಲಕ್ಕೆ ಹಿಗ್ಗಲು ಹೊರಟರೆ ಪಕ್ಕದ ಪದರದ ಉದ್ದನಾರು ಅದನ್ನು ತಡೆಯುತ್ತದೆ. ಎಲ್ಲರೂ ಎಲ್ಲರನ್ನೂ ಕಟ್ಟಿಹಾಕಿದ ಮೇಲೆ ಯಾರೂ ಅಲುಗುವುದಿಲ್ಲ. ಮರದ ಸ್ವಭಾವಕ್ಕೆ ಮನುಷ್ಯ ಕಂಡುಕೊಂಡ ಈ ಉತ್ತರ ಬಹಳ ಚತುರವಾದದ್ದು, ಅಗ್ಗದ್ದು, ಸಣ್ಣ ಮರಗಳಿಂದಲೂ ಆಗುವಂಥದ್ದು. ಚೌಕಟ್ಟು ಹಲಗೆಯ ಹಳೆಯ ಉತ್ತರ ಇದಕ್ಕೆ ಪೂರ್ತಿ ವಿರುದ್ಧ: ನೀನು ಅಲುಗುವವನು ಎಂದು ಗೊತ್ತು, ಅಲುಗಲು ಇಷ್ಟು ಜಾಗ ಇಟ್ಟಿದ್ದೇನೆ. ಎರಡೂ ಕೆಲಸ ಮಾಡುತ್ತವೆ. ಆದರೆ ಪ್ಲೈವುಡ್ಡಿನ ಅಂಚಿಗೆ ನೀರು ಹೊಕ್ಕು ಪದರ ಬಿಟ್ಟರೆ ಅಲ್ಲಿಗೆ ಮುಗಿಯಿತು, ರಿಪೇರಿಯ ಮಾತಿಲ್ಲ. ಹಲಗೆಯ ಬೀರುವನ್ನು ಬಿಚ್ಚಬಹುದು, ಒಂದು ಪಟ್ಟಿ ಬದಲಿಸಬಹುದು, ಮತ್ತೆ ಜೋಡಿಸಬಹುದು.

ಬಿಚ್ಚುವ ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕೆ ಮೊದಲು ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಸರೇಸನ್ನು ಒಲೆಯ ಮೇಲೆ ಕರಗಿಸಿ ಬಿಸಿಬಿಸಿ ಹಚ್ಚುತ್ತಿದ್ದರು. ಅದರ ವಾಸನೆಯನ್ನು ಹಳಬರು ಈಗಲೂ ಮೂಗು ಮುಚ್ಚಿಕೊಂಡೇ ನೆನೆಯುತ್ತಾರೆ. ಬಿಳಿ ಅಂಟು ಬಂದದ್ದು ಅವರಿಗೆ ದೊಡ್ಡ ಬಿಡುಗಡೆ. ಆದರೆ ಸರೇಸಿಗೆ ಒಂದು ಗುಣ ಇತ್ತು: ಬಿಸಿನೀರಿನ ಬಟ್ಟೆ ಹಾಕಿದರೆ ಕಚ್ಚು ಬಿಟ್ಟುಕೊಳ್ಳುತ್ತಿತ್ತು. ಮುಂದೆ ರಿಪೇರಿ ಮಾಡುವವನಿಗೆ ಅದು ದಾರಿ. ಹಳೆಯ ಮಂಚಗಳಲ್ಲಿ ಅಂಟೂ ಇರುತ್ತಿರಲಿಲ್ಲ, ಬೆಣೆ ಬಡಿದು ನಿಲ್ಲಿಸುತ್ತಿದ್ದರು. ಬೆಣೆ ಕಿತ್ತರೆ ನಾಲ್ಕು ಕಾಲು, ನಾಲ್ಕು ಪಟ್ಟಿ, ಚಿಕ್ಕ ಬಾಗಿಲಲ್ಲೂ ಆಚೆ ಹೋಗುತ್ತಿತ್ತು. ತನ್ನ ಕೆಲಸವನ್ನು ಬಿಚ್ಚುವ ಇನ್ನೊಬ್ಬ ಬರುತ್ತಾನೆ ಎಂಬ ತಿಳಿವಳಿಕೆ ಆ ಕೆಲಸದೊಳಗೇ ಇತ್ತು.

ಜಾರ್ಜ್ ನಕಾಶಿಮಾ ಎಂಬ ಜಪಾನಿ ಮೂಲದ ಅಮೆರಿಕನ್ ಕುಶಲಕರ್ಮಿಯ ಹೆಸರನ್ನು ಇಲ್ಲಿ ಹೇಳಬೇಕು. 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ಕಟ್ಟಡದ ಕೆಲಸಕ್ಕೆ ಬಂದ ಈ ವಾಸ್ತುಶಿಲ್ಪಿ ಅಲ್ಲಿ ಆಶ್ರಮವಾಸಿಯೇ ಆಗಿ, ಸುಂದರಾನಂದ ಎಂಬ ಹೆಸರು ಪಡೆದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಇಡಾಹೋದ ಮಿನಿಡೋಕಾ ಶಿಬಿರದಲ್ಲಿ ಜಪಾನಿ ಬಡಗಿಯೊಬ್ಬರಿಂದ ಕಚ್ಚಿನ ಕೆಲಸ ಕಲಿತರು. ಮುಂದೆ ಅವರ ಮೇಜುಗಳು ಹೆಸರಾದದ್ದು ಬಿರುಕುಗಳಿಂದ. ಹಲಗೆ ಸೀಳಿದ ಜಾಗವನ್ನು ಮುಚ್ಚದೆ, ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಮರದ ತುಂಡು ಕೂರಿಸಿ, ಇಲ್ಲಿಗೆ ಸಾಕು ಎಂದು ನಿಲ್ಲಿಸುತ್ತಿದ್ದರು. ಈಗ ಬೆಂಗಳೂರಿನ ಶೋರೂಮುಗಳಲ್ಲಿ ಅದರ ಅಣಕು ಕಾಣುತ್ತದೆ: ಎರಡು ಒರಟು ಹಲಗೆಗಳ ನಡುವೆ ನೀಲಿ ಎಪಾಕ್ಸಿ ಸುರಿದು ನದಿ ಎನ್ನುತ್ತಾರೆ. ನನಗದು ಸೇರುವುದಿಲ್ಲ. ಖಾಲಿ ಜಾಗವನ್ನು ಕಂಡರೆ ತುಂಬಿಸಲೇಬೇಕು ಎಂಬ ಆತುರ ಅದರಲ್ಲಿದೆ. ಮರ ತೇವಕ್ಕೆ ಹಿಗ್ಗುವಷ್ಟು ಎಪಾಕ್ಸಿ ಹಿಗ್ಗುವುದಿಲ್ಲವಾದ್ದರಿಂದ ಒಣಗದ ಹಲಗೆಯ ‘ನದಿ’ ದಡ ಬಿಡುವುದೂ ಉಂಟು.

ಚೌಕಟ್ಟಿನ ಸಡಿಲವನ್ನು ಸಂಸಾರಕ್ಕೆ, ಮಕ್ಕಳನ್ನು ಬೆಳೆಸುವುದಕ್ಕೆ ಹೋಲಿಸಿ ನೀತಿ ತೆಗೆಯುವ ಆಸೆ ನನಗೂ ಆಗಿತ್ತು. ಆಚಾರ್ರ ಹತ್ತಿರ ಹೇಳಿಯೂ ಹೇಳಿದೆ. ಅವರು ಹತ್ತರಿಯ ಬಾಯಲ್ಲಿ ಸಿಕ್ಕ ಸುರುಳಿಯನ್ನು ತೆಗೆಯುತ್ತ, “ಮಕ್ಕಳ ನಾರು ಯಾವ ದಿಕ್ಕಿಗೆ ಉಂಟು ಅಂತ ನಿಮಗೆ ಹ್ಯಾಗೆ ಗೊತ್ತಾಗ್ತದೆ?” ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಯೋಚಿಸಿದಂತೆ ಆ ಪ್ರಶ್ನೆಯೇ ಇಡೀ ವಿದ್ಯೆಯ ತಿರುಳು ಅನ್ನಿಸಿತು. ಅವರು ಬಿಡುವ ಸಡಿಲ ಧಾರಾಳತನದ್ದಲ್ಲ. ಅಗಲಕ್ಕೆ ಮಾತ್ರ ಬಿಡುತ್ತಾರೆ, ಉದ್ದಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ಮಾಡಿದರೆ ಹಲಗೆ ಆಗಲೇ ಹಿಗ್ಗಿರುವುದರಿಂದ ಜಾಡಿನಲ್ಲಿ ಕಡಿಮೆ ಜಾಗ ಸಾಕು. ಬೇಸಿಗೆಯಲ್ಲಿ ಮಾಡಿದರೆ ಹೆಚ್ಚು ಬಿಡಬೇಕು. ಎಲ್ಲ ಕಡೆ ಸಡಿಲ ಬಿಟ್ಟರೆ ಅದನ್ನು ಅವರು ಕೆಟ್ಟ ಕೆಲಸ ಎನ್ನುತ್ತಾರೆ, ಮತ್ತು ಅವರದ್ದೇ ಸರಿ. ಸ್ವಾತಂತ್ರ್ಯ, ಬಂಧನ ಎಂದು ನಾವು ದೊಡ್ಡ ದೊಡ್ಡ ಪದ ಹಿಡಿದು ಮಾತಾಡುವಾಗ ಇಲ್ಲದಿರುವುದು ಈ ದಿಕ್ಕಿನ ಜ್ಞಾನ: ಎದುರಿಗಿರುವುದು ಯಾವ ಕಡೆಗೆ ಎಷ್ಟು ಚಲಿಸುತ್ತದೆ ಎಂಬ ನಿರ್ದಿಷ್ಟ ತಿಳಿವಳಿಕೆ.

ಕಸುಬು ನಡೆಯುತ್ತಿದ್ದ ಸಮಾಜ ಈ ತಿಳಿವಳಿಕೆಯನ್ನು ಮನುಷ್ಯರಿಗೆ ಅನ್ವಯಿಸಲಿಲ್ಲ. ಹಳೆಯ ಆಯದ ಪದ್ಧತಿಯಲ್ಲಿ ಬಡಗಿ ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬ. ವರ್ಷವಿಡೀ ನೇಗಿಲು, ಗಾಡಿ, ಕುಂಟೆ ರಿಪೇರಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಧಾನ್ಯ ತರುತ್ತಿದ್ದ. ಒಂದೊಂದು ವಸ್ತುವಿಗೂ ಬೆಲೆ ಕಟ್ಟದ ಆ ಸಂಬಂಧದಲ್ಲಿ ಒಂದು ಘನತೆ ಇತ್ತು ಎಂದು ಹೇಳುವವರಿದ್ದಾರೆ. ಇದ್ದೀತು. ಆದರೆ ಹುಟ್ಟಿನಿಂದಲೇ ಕಸುಬು ತೀರ್ಮಾನವಾಗಿ, ಊರು ಬಿಡಲಾಗದೆ, ಕಣದಲ್ಲಿ ಕೊಟ್ಟಷ್ಟನ್ನು ಸೆರಗೊಡ್ಡಿ ತರಬೇಕಾದ ಬದುಕಿನಲ್ಲಿ ಅಂಟು ಹಾಕದ ಜಾಗ ಎಲ್ಲಿತ್ತು? ಹನ್ನೆರಡನೇ ಶತಮಾನದಲ್ಲಿ ಬಾಚಿಕಾಯಕದ ಬಸವಪ್ಪ ಎಂಬ ಬಡಗಿ ಶರಣರ ನಡುವೆ ವಚನಕಾರನಾಗಿ ಕೂತ. ತನ್ನ ಹೆಸರಿನಲ್ಲೇ ಬಾಚಿಯನ್ನು ಇಟ್ಟುಕೊಂಡು ಕೂತ ಎಂಬುದು ಸಣ್ಣ ಸಂಗತಿಯಲ್ಲ. ಕಾಯಕದ ಹಿರಿಮೆಯನ್ನು ಕಚೇರಿಗಳ ಗೋಡೆ ಮೇಲೆ ಬರೆಸುವ ನಾವು ಅವನ ವಂಶದ ಕಸುಬುದಾರನ ಜೊತೆ ಸಾವಿರ ರೂಪಾಯಿಗೆ ಅರ್ಧ ಗಂಟೆ ಜಗಳಾಡುತ್ತೇವೆ.

ಆಚಾರ್ರ ಮಗ ಶಿವಮೊಗ್ಗದಲ್ಲಿ ಕಂಪ್ಯೂಟರಿನಿಂದ ನಡೆಯುವ ಕೆತ್ತನೆ ಯಂತ್ರದ ಮುಂದೆ ಕೆಲಸ ಮಾಡುತ್ತಾನೆ. ತಿಂಗಳಿಗೆ ಇಷ್ಟು ಎಂದು ಬರುತ್ತದೆ, ಭಾನುವಾರ ರಜೆ. ಅಪ್ಪನಿಗೆ ಅದರಲ್ಲಿ ಬೇಸರವಿಲ್ಲ. ಬೇಸರಪಡುವವರು ನನ್ನಂಥವರು, ಉಳಿ ಹಿಡಿದು ಬದುಕಬೇಕಾಗಿಲ್ಲದವರು. ಕೊಟ್ಟಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಅಳಿಯನಿಗೆ ವರ್ಷಕ್ಕೆ ಎಷ್ಟು ಕೆಲಸ ಸಿಗುತ್ತದೆ ಎಂಬುದರ ಮೇಲೆ ನಿಂತಿದೆ, ನಮ್ಮ ಮೆಚ್ಚುಗೆಯ ಮೇಲಲ್ಲ.

ಆದ್ದರಿಂದ ಮರದ ಸಾಮಾನು ಮಾಡಿಸಬೇಕೆಂದಿರುವವರಿಗೆ ಕೆಲವು ಮಾತು. ಮದುವೆಗೋ ಗೃಹಪ್ರವೇಶಕ್ಕೋ ತಿಂಗಳಿರುವಾಗ ಹೋಗಬೇಡಿ; ಮರ ಒಣಗಲು ಬೇಕಾದ ಕಾಲ ನಿಮ್ಮ ಮುಹೂರ್ತ ನೋಡುವುದಿಲ್ಲ. ಹಿಂದಿನ ವರ್ಷವೇ ಮರಕ್ಕೆ ಮುಂಗಡ ಕೊಟ್ಟು ಹಲಗೆ ಕೊಯ್ಸಿ ಪೇರಿಸಿಡಲು ಹೇಳಿ. ಸಾಮಾನು ಎಲ್ಲಿ ಇರುತ್ತದೆ, ಏಸಿ ಕೋಣೆಯಲ್ಲೋ, ಪಶ್ಚಿಮದ ಕಿಟಕಿಯ ಕೆಳಗೋ, ಕಲಬುರಗಿಗೆ ಹೋಗುತ್ತದೋ ಎಂದು ಬಡಗಿಗೆ ಮೊದಲೇ ತಿಳಿಸಿ. ಬಾಗಿಲಿನ ನಡುಹಲಗೆಗೆ ಅಂಟು ಹಾಕಿ ಎಂದು ಒತ್ತಾಯಿಸಬೇಡಿ. ಕುರ್ಚಿ ಯಾರಿಗೆಂದು ಮಾಡಿಸುತ್ತೀರೋ ಅವರನ್ನೇ ಕರೆದುಕೊಂಡು ಹೋಗಿ. ಚೌಕಾಸಿ ಮಾಡಲೇಬೇಕು ಅನ್ನಿಸಿದರೆ ಮರದ ಡಿಪೋದಲ್ಲಿ ಮಾಡಿ, ಕೂಲಿಯಲ್ಲಿ ಮಾಡಬೇಡಿ.